ಎಂಟನೆಯ ರಾಜಕುಮಾರನ ಋಣ

ಇಪ್ಪತ್ತೊಂದನೆಯ ಶತಮಾನದ ಹೆಣ್ಣುಮಗಳೊಬ್ಬಳು ಯಾವುದೋ ಅವಘಡದಲ್ಲಿ ಪ್ರಜ್ಞೆ ತಪ್ಪಿ, ನೂರಾರು ವರ್ಷಗಳ ಹಿಂದಿನ ರಾಜಮನೆತನದ ನಡುವೆ ಮತ್ತೊಬ್ಬಳ ಮೈಯಲ್ಲಿ ಎಚ್ಚರಗೊಂಡು, ಅಲ್ಲಿನ ರಾಜಕುಮಾರನನ್ನು ಪ್ರೀತಿಸಿ, ಆ ಪ್ರೀತಿ ಕೈಗೂಡದೆ ನವೆದು ಮತ್ತೆ ತನ್ನ ಕಾಲಕ್ಕೆ ಮರಳುವ ಕಥೆಗಳು ಪೂರ್ವ ಏಷ್ಯಾದ ಜನಪ್ರಿಯ ಸಾಹಿತ್ಯದಲ್ಲಿಯೂ ಧಾರಾವಾಹಿಗಳಲ್ಲಿಯೂ ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆದಿವೆ. ಇಂಥ ಕಥೆಗಳಲ್ಲಿ ಪ್ರೇಮಿಗಳನ್ನು ಅಗಲಿಸುವುದು ಕಾಲದ ಅಂತರವೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಈ ಪ್ರಕಾರದ ಗಟ್ಟಿ ಕೃತಿಗಳನ್ನು ನಿಧಾನವಾಗಿ ನೋಡುತ್ತ ಹೋದಂತೆ, ಕಾಲದ ಅಂತರವನ್ನು ನಾಯಕಿ ಬಹುಬೇಗ ದಾಟಿಬಿಡುತ್ತಾಳೆಂದೂ, ಅಲ್ಲಿನ ಉಡುಗೆ, ಊಟ, ನಡವಳಿಕೆಗಳೆಲ್ಲ ಕೆಲವೇ ಕಂತುಗಳಲ್ಲಿ ಆಕೆಗೆ ರೂಢಿಯಾಗಿಬಿಡುತ್ತವೆಂದೂ, ಕೊನೆಯವರೆಗೂ ದಾಟಲಾಗದೆ ಉಳಿಯುವುದು ತಾನು ಪ್ರೀತಿಸಿದವನ ಮೇಲೆ ಅವನ ಹೆತ್ತವಳು, ಒಡಹುಟ್ಟಿದವರು ಮತ್ತು ಕುಲದ ಹಿರಿಯರು ಹೊರಿಸಿರುವ ಹೊಣೆಯೇ ಎಂದೂ ತಿಳಿದುಬರುತ್ತದೆ.

ಈ ಮಾತಿಗೆ ಅತ್ಯಂತ ಸಮರ್ಥವಾದ ನಿದರ್ಶನವೆಂದರೆ 2016ರ ಆಗಸ್ಟ್ ಕೊನೆಯಿಂದ ನವೆಂಬರ್ ಆರಂಭದವರೆಗೆ ದಕ್ಷಿಣ ಕೊರಿಯಾದ ಎಸ್‌ಬಿಎಸ್ ವಾಹಿನಿಯಲ್ಲಿ 20 ಕಂತುಗಳಲ್ಲಿ ಪ್ರಸಾರವಾದ ‘ಮೂನ್ ಲವರ್ಸ್: ಸ್ಕಾರ್ಲೆಟ್ ಹಾರ್ಟ್ ರ್ಯೊ’ ಎಂಬ ಧಾರಾವಾಹಿ. ಇದರ ಮೂಲ ಚೀನಾದ ಲೇಖಕಿ ಟೋಂಗ್ ಹುವಾ ಅವರು 2005ರಲ್ಲಿ ಅಂತರಜಾಲದಲ್ಲಿ ಕಂತುಕಂತಾಗಿ ಬರೆದ ‘ಬು ಬು ಜಿಂಗ್ ಶಿನ್’ ಎಂಬ ಕಾದಂಬರಿ. ಅದು 2011ರಲ್ಲಿ ಹುನಾನ್ ವಾಹಿನಿಯಲ್ಲಿ 35 ಕಂತುಗಳ ಧಾರಾವಾಹಿಯಾಗಿ ಬಂದಾಗ ಚೀನಾದ ಗಡಿಗಳಾಚೆಗೂ ಅಪಾರ ಪ್ರೇಕ್ಷಕರನ್ನು ಸಂಪಾದಿಸಿತು. ಮೂಲಕೃತಿಯ ಕಥೆ ನಡೆಯುವುದು ಚೀನಾವನ್ನಾಳಿದ ಮಾಂಚು ಜನಾಂಗದ ಚಿಂಗ್ ವಂಶದ ಚಕ್ರವರ್ತಿ ಕಾಂಗ್‌ಶಿಯ ಆಸ್ಥಾನದಲ್ಲಿ. ಕೊರಿಯಾದ ನಿರ್ಮಾಪಕರು ಅದನ್ನು ತಮ್ಮ ನಾಡಿನ ಗೊರ್ಯೊ ರಾಜ್ಯದ ಆರಂಭದ ದಶಕಗಳಿಗೆ, ಎಂದರೆ ಕನ್ನಡದಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ 941ರ ಆಸುಪಾಸಿನ ಕಾಲಕ್ಕೆ ಕೊಂಡೊಯ್ದರು. ಈ ಸ್ಥಳಾಂತರವು ಕೇವಲ ವೇಷಭೂಷಣದ ಬದಲಾವಣೆಯಾಗಿ ಉಳಿಯದೆ ಕಥೆಯ ತಿರುಳನ್ನೇ ಇನ್ನಷ್ಟು ಹರಿತಗೊಳಿಸಿತು. ಅದಕ್ಕೆ ಕಾರಣ ಗೊರ್ಯೊ ಅರಮನೆಯ ರಚನೆಯಲ್ಲಿಯೇ ಇದೆ.

ಗೊರ್ಯೊ ರಾಜ್ಯವನ್ನು 918ರಲ್ಲಿ ಸ್ಥಾಪಿಸಿ, 936ರ ಹೊತ್ತಿಗೆ ಕೊರಿಯಾ ಪರ್ಯಾಯದ್ವೀಪದ ಮೂರು ಹೋಳುಗಳನ್ನು ಒಂದುಗೂಡಿಸಿದ ವಾಂಗ್ ಗೊನ್, ಇತಿಹಾಸದಲ್ಲಿ ‘ತೇಜೊ’ ಎಂಬ ಬಿರುದಿನಿಂದ ಪ್ರಸಿದ್ಧನಾದವನು. ಈ ಬಿರುದಿಗೆ ವಂಶದ ಮೂಲಪುರುಷನೆಂದು ಅರ್ಥ. ಆತ ಗೆದ್ದ ನಾಡಿನಲ್ಲಿ ಪ್ರತಿಯೊಂದು ಸೀಮೆಯೂ ತನ್ನದೇ ಕೋಟೆ, ತನ್ನದೇ ದಂಡು, ತನ್ನದೇ ತೆರಿಗೆಯುಳ್ಳ ಪಾಳೆಯಗಾರ ಮನೆತನವೊಂದರ ಕೈಯಲ್ಲಿತ್ತು. ಕೊರಿಯಾದ ಇತಿಹಾಸಕಾರರು ‘ಹೋಜೋಕ್’ ಎಂದು ಕರೆಯುವ ಈ ಮನೆತನಗಳನ್ನು ಯುದ್ಧದಿಂದಲೇ ಅಡಗಿಸುವುದು ಅಸಾಧ್ಯವಾಗಿದ್ದುದರಿಂದ ತೇಜೊ ಅವುಗಳೊಡನೆ ನೆಂಟಸ್ತಿಕೆ ಬೆಳೆಸುತ್ತ ಹೋದನು. ಹೀಗೆ ಆತನಿಗಾದ ಹೆಂಡಂದಿರು 29 ಮಂದಿ, ಮಕ್ಕಳು 25 ಗಂಡು ಮತ್ತು 9 ಹೆಣ್ಣು. ನಾಜುವಿನ ಓ ಮನೆತನದ ರಾಣಿಯ ಮಗ ಮೊದಲ ಉತ್ತರಾಧಿಕಾರಿಯಾದರೆ, ಚುಂಗ್‌ಜುವಿನ ಯೂ ಮನೆತನದ ರಾಣಿಯ ಇಬ್ಬರು ಮಕ್ಕಳು ಆಮೇಲೆ ಒಬ್ಬರ ಹಿಂದೊಬ್ಬರಂತೆ ಪಟ್ಟವೇರಿದರು, ಮತ್ತು ಹ್ವಾಂಗ್‌ಜುವಿನ ಹ್ವಾಂಗ್‌ಬೊ ಮನೆತನದ ರಾಣಿಗೆ ಹುಟ್ಟಿದ ಮಗ ಹಾಗೂ ಮಗಳು ಈ ಕಥೆಯ ಕೇಂದ್ರದಲ್ಲಿದ್ದಾರೆ.

ಇಂಥ ಅರಮನೆಯಲ್ಲಿ ಅಣ್ಣತಮ್ಮಂದಿರೆಂದರೆ ತಂದೆಯೊಬ್ಬನನ್ನು ಬಿಟ್ಟರೆ ಮತ್ತೇನನ್ನೂ ಹಂಚಿಕೊಳ್ಳದವರು. ಪ್ರತಿ ರಾಜಕುಮಾರನ ಹಿಂದೆ ಅವನ ತಾಯಿಯ ತವರು, ಆ ತವರಿನ ಕೋಟೆ, ಆ ಕೋಟೆಯೊಳಗಿನ ಸಾವಿರಾರು ಜನರ ಜೀವ ಇರುತ್ತಿತ್ತು. ರಾಜಕುಮಾರ ಸೋತರೆ ಅವನೊಬ್ಬನೇ ಸೋಲದೆ ತಾಯಿಯ ಮನೆತನವೇ ಅಳಿಯುವ ಸಂದರ್ಭವದು. ಆದ್ದರಿಂದಲೇ ಹೆಣ್ಣುಮಕ್ಕಳನ್ನು ಹೊರಗೆ ಕೊಡುವುದಕ್ಕೂ ಅಂಜಿ, ಮಲಸಹೋದರ ಸಹೋದರಿಯರ ನಡುವೆಯೇ ಮದುವೆ ಮಾಡಿಸುವ ಪದ್ಧತಿ ಆ ವಂಶದಲ್ಲಿ ಬೇರೂರಿತು. ತಂದೆಯ ಹೆಸರು ಒಂದೇ ಆಗಿದ್ದರೆ ಅದು ಕಣ್ಣಿಗೆ ಹೊಡೆಯುವುದೆಂದು ಮದುಮಗಳು ತಾಯಿಯ ಮನೆತನದ ಹೆಸರನ್ನು ಇಟ್ಟುಕೊಳ್ಳುತ್ತಿದ್ದಳು. ನಾಲ್ಕನೆಯ ರಾಜಕುಮಾರ ವಾಂಗ್ ಸೋ ಮುಂದೆ ಗ್ವಾಂಗ್‌ಜೊಂಗ್ ಎಂಬ ಹೆಸರಿನಲ್ಲಿ 949ರಿಂದ 975ರವರೆಗೆ ಆಳಿದವನು. ಆತನ ಪಟ್ಟದ ರಾಣಿ ದೇಮೋಕ್ ಅವನ ಮಲತಂಗಿ, ಮತ್ತೊಬ್ಬ ಹೆಂಡತಿ ಅವನ ಮಲಅಣ್ಣನ ಮಗಳು. ಸೋದರಸಂಬಂಧದ ಮದುವೆಗಳನ್ನು ಬಲ್ಲ ಕನ್ನಡದ ಓದುಗರಿಗೂ ಇದು ಬೆರಗು ಹುಟ್ಟಿಸುವಷ್ಟು ಹತ್ತಿರದ ನಂಟು. ಮದುವೆಯೆಂಬುದು ಇಲ್ಲಿ ಆಡಳಿತದ ಒಂದು ಅಂಗವೇ ಆಗಿತ್ತು, ಮತ್ತು ಆಡಳಿತದ ಅಂಗವೊಂದನ್ನು ಯಾರೂ ತಮ್ಮ ಮನಸ್ಸಿಗೆ ಬಂದಂತೆ ಬಳಸುವಂತಿರಲಿಲ್ಲ.

ಈ ವ್ಯವಸ್ಥೆಯೊಳಕ್ಕೆ ಧಾರಾವಾಹಿಯು ಗೋ ಹಾಜಿನ್ ಎಂಬ ಇಂದಿನ ಸೋಲ್ ನಗರದ ಯುವತಿಯನ್ನು ಇಳಿಸುತ್ತದೆ. ಸೌಂದರ್ಯ ಪ್ರಸಾಧನಗಳ ಮಾರಾಟದ ಕೆಲಸದಲ್ಲಿರುವ, ನಂಬಿದವನಿಂದ ಮೋಸಹೋಗಿ ಸಾಲದಲ್ಲಿ ಮುಳುಗಿರುವ ಆಕೆ ಖಗ್ರಾಸ ಸೂರ್ಯಗ್ರಹಣದ ದಿನ ಕೊಳಕ್ಕೆ ಬಿದ್ದ ಮಗುವನ್ನು ಉಳಿಸಲು ಹೋಗಿ ತಾನೇ ಮುಳುಗಿ, ಗೊರ್ಯೊ ಕಾಲದ ಹೆ ಸೂ ಎಂಬ ಹುಡುಗಿಯ ಮೈಯಲ್ಲಿ ಕಣ್ಣು ತೆರೆಯುತ್ತಾಳೆ. ಈ ಪಾತ್ರವನ್ನು ಐಯು ಎಂದು ಹೆಸರಾದ ಗಾಯಕಿ ಲೀ ಜಿಯುನ್ ವಹಿಸಿದ್ದಾರೆ. ಗಮನಿಸಬೇಕಾದ ಸಂಗತಿಯೆಂದರೆ ಆ ಕಾಲದಲ್ಲಿ ತನ್ನವರೆನ್ನುವವರು ಯಾರೂ ಇಲ್ಲದ ಏಕೈಕ ವ್ಯಕ್ತಿ ಅವಳು. ಹೆ ಸೂಳ ಬಂಧುಗಳು ಅವಳ ಬಂಧುಗಳಲ್ಲ, ಹೆ ಸೂಳ ಕುಲದ ಮಾನ ಅವಳ ಮಾನವಲ್ಲ. ರಾಜಕುಮಾರರೊಡನೆ ಅವಳು ಅಳುಕಿಲ್ಲದೆ ಜಗಳವಾಡುವುದು, ನಗುವುದು, ಮುಖಕ್ಕೆ ಮುಖ ಕೊಟ್ಟು ಮಾತನಾಡುವುದು, ಅವರೆಲ್ಲರೂ ಅವಳತ್ತ ಸೆಳೆಯಲ್ಪಡುವುದು ಆಧುನಿಕ ಶಿಕ್ಷಣದ ಫಲವೆಂದು ಹೇಳುವವರುಂಟು. ಆದರೆ ಅದಕ್ಕಿಂತ ಆಳವಾದ ಕಾರಣ ಅವಳ ತಲೆಯ ಮೇಲೆ ಯಾರ ಋಣವೂ ಇಲ್ಲದಿರುವುದು. ಹುಟ್ಟಿನಿಂದಲೇ ಋಣಭಾರ ಹೊತ್ತ ಹುಡುಗರ ನಡುವೆ ಅಂಥ ಹೆಣ್ಣು ಗಾಳಿಯಾಡುವ ಜಾಗವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಕಥೆಯ ನಿಜವಾದ ಚಲನೆ ಆ ಸ್ವಾತಂತ್ರ್ಯವು ಒಂದೊಂದು ಎಳೆಯಾಗಿ ಕರಗುವುದರಲ್ಲಿದೆ. ಹ್ವಾಂಗ್‌ಬೊ ರಾಣಿಯ ಮಗನಾದ ಎಂಟನೆಯ ರಾಜಕುಮಾರ ವಾಂಗ್ ಊಕ್‌ನ ಪತ್ನಿ, ಹೆ ಮನೆತನದ ಸಾಧ್ವಿ, ಹೆ ಸೂಳಿಗೆ ಸಂಬಂಧದಲ್ಲಿ ಅಕ್ಕನಾಗಬೇಕಾದವಳು. ರೋಗಪೀಡಿತೆಯಾದ ಆಕೆ ದಿಕ್ಕಿಲ್ಲದ ಈ ತಂಗಿಯನ್ನು ಮನೆಯೊಳಗಿಟ್ಟುಕೊಂಡು ಸಾಕುತ್ತಾಳೆ, ಮತ್ತು ತನ್ನ ಗಂಡನ ಕಣ್ಣು ಆ ತಂಗಿಯತ್ತ ಹೊರಳಿರುವುದನ್ನು ತಿಳಿದೂ ಸಾಯುವ ಮುನ್ನ ಅವಳನ್ನು ಅವನ ಕೈಗೇ ಒಪ್ಪಿಸುತ್ತಾಳೆ. ಗಂಡನ ಬೆನ್ನ ಮೇಲೆ ಹಿಮದ ದಾರಿಯಲ್ಲಿ ಆಕೆ ಪ್ರಾಣಬಿಡುವ ಕಂತು ಈ ಇಡೀ ಕೃತಿಯಲ್ಲಿ ಅತ್ಯಂತ ಸಂಯಮದಿಂದ ಕಟ್ಟಿದ ಭಾಗಗಳಲ್ಲೊಂದು. ಅಲ್ಲಿಂದ ಮುಂದೆ ಹೆ ಸೂ ಮತ್ತು ಊಕ್ ಪರಸ್ಪರ ಒಲಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲವೆಂದು ತೋರುವಾಗಲೂ, ಸತ್ತವಳ ಔದಾರ್ಯ ಇಬ್ಬರ ನಡುವೆ ತೀರಿಸಲಾಗದ ಸಾಲವಾಗಿ ನಿಂತಿರುತ್ತದೆ. ಕೊಟ್ಟು ಹೋದವರಿಗೆ ಮರಳಿಸುವ ದಾರಿಯೇ ಇಲ್ಲದ ಸಾಲ ಅದು.

ಇದಾದ ಬಳಿಕ ಮುದಿ ರಾಜ ತೇಜೊ ಹೆ ಮನೆತನದೊಡನೆ ನಂಟನ್ನು ಬಲಪಡಿಸಲು ಹೆ ಸೂಳನ್ನೇ ತನ್ನ ಮತ್ತೊಬ್ಬ ಹೆಂಡತಿಯಾಗಿ ಕರೆಸಿಕೊಳ್ಳುತ್ತಾನೆ. ಮೈಮೇಲೆ ಗಾಯದ ಕಲೆಯುಳ್ಳ ಹೆಣ್ಣು ರಾಜನಿಗೆ ಹೆಂಡತಿಯಾಗುವಂತಿಲ್ಲವೆಂಬ ಕಟ್ಟಳೆಯನ್ನು ನೆಚ್ಚಿ ಅವಳು ತನ್ನ ಮಣಿಕಟ್ಟನ್ನು ತಾನೇ ಕೊಯ್ದುಕೊಳ್ಳುತ್ತಾಳೆ. ಆ ಕ್ಷಣಕ್ಕೆ ಅವಳನ್ನು ಉಳಿಸಿದ ಗಾಯವೇ ಮುಂದೆ ಅವಳು ಪ್ರೀತಿಸಿದವನು ರಾಜನಾದಾಗ ಅವನ ರಾಣಿಯಾಗದಂತೆ ಅವಳನ್ನು ತಡೆಯುತ್ತದೆ; ಕಥನದ ಹೆಣಿಗೆಯ ದೃಷ್ಟಿಯಿಂದ ಇದಕ್ಕಿಂತ ಕ್ರೂರವಾದ, ಇದಕ್ಕಿಂತ ನ್ಯಾಯಬದ್ಧವಾದ ತಿರುವು ಈ ಧಾರಾವಾಹಿಯಲ್ಲಿ ಬೇರೊಂದಿಲ್ಲ. ಮದುವೆ ತಪ್ಪಿದ ಹೆ ಸೂ ಅರಮನೆಯ ‘ದಾಮಿವೊನ್’ ಎಂಬ ವಿಭಾಗದಲ್ಲಿ, ಎಂದರೆ ರಾಜಪರಿವಾರದ ಸ್ನಾನ, ಚಹಾ ಮತ್ತು ಅಲಂಕಾರಗಳನ್ನು ನೋಡಿಕೊಳ್ಳುವ ಊಳಿಗದ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ.

ಅಲ್ಲಿನ ಮೇಲ್ವಿಚಾರಕಿ ಓ ಎಂಬ ಹಿರಿಯ ಸೇವಕಿ ಯೌವನದಲ್ಲಿ ತೇಜೊನನ್ನು ಪ್ರೀತಿಸಿದವಳು. ರಾಜ್ಯ ಕಟ್ಟುವ ಅಗತ್ಯಗಳು ಅವನನ್ನು ಒಂದು ಮನೆತನದಿಂದ ಮತ್ತೊಂದು ಮನೆತನದ ಮಂಟಪಕ್ಕೆ ಎಳೆದುಕೊಂಡು ಹೋದಾಗ ಅವನಿಂದ ದೂರವಾಗಲಾರದೆ, ಹತ್ತಿರವೂ ಆಗಲಾರದೆ ಅವನ ಚಹಾ ಕಾಯಿಸುತ್ತ ಮುಪ್ಪಾದವಳು. ನಾಯಕಿಯ ಬದುಕು ಹೀಗೂ ಆಗಬಹುದಿತ್ತೆಂಬುದನ್ನು ತೋರಿಸಲು ಈ ಪಾತ್ರವನ್ನು ತಂದಿದ್ದಾರೆಂದು ಸುಲಭವಾಗಿ ಹೇಳಬಹುದು, ಆದರೆ ಪಾತ್ರದ ಸತ್ವ ಅಷ್ಟಕ್ಕೆ ಮುಗಿಯುವುದಿಲ್ಲ. ಅರಮನೆಯ ಇತಿಹಾಸವನ್ನು ಬರೆದವರು 29 ರಾಣಿಯರನ್ನು ಲೆಕ್ಕವಿಟ್ಟಿದ್ದಾರೆ. ಮದುವೆಯಾಗದೆ ಉಳಿದ ಪ್ರೀತಿಗಳ ಲೆಕ್ಕ ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲವಾದ್ದರಿಂದ ಕಥನವೇ ಆ ಜಾಗವನ್ನು ತುಂಬಬೇಕಾಗುತ್ತದೆ, ಮತ್ತು ಈ ಕೃತಿ ಆ ಕೆಲಸವನ್ನು ಓ ಎಂಬ ಒಂದಕ್ಷರದ ಹೆಸರಿನ ಈ ಹೆಂಗಸಿನ ಮೂಲಕ ಗೌರವದಿಂದ ಮಾಡಿದೆ.

ಕಥೆಯ ನಡುಬಿಂದು ಬರುವುದು ವಿಷಪ್ರಯೋಗದ ಪ್ರಸಂಗದಲ್ಲಿ. ನಾಲ್ಕನೆಯ ರಾಜಕುಮಾರ ಸೋಗೆ ಹೆ ಸೂಳ ಕೈಯಿಂದಲೇ ವಿಷ ಬೆರೆತ ಚಹಾ ಹೋಗುವಂತೆ ಸಂಚು ನಡೆಯುತ್ತದೆ. ತಾನು ನಿರಾಕರಿಸಿದರೆ ತಂದುಕೊಟ್ಟವಳ ಜೀವ ಹೋಗುವುದೆಂದು ಬಗೆದು ಆತ ವಿಷವೆಂದು ತಿಳಿದೂ ಅದನ್ನು ಕುಡಿಯುತ್ತಾನೆ. ಅಪರಾಧ ಹೆ ಸೂಳ ಮೇಲೆ ಬರುತ್ತದೆ. ಅವಳನ್ನು ಉಳಿಸಬಲ್ಲವನು ಊಕ್. ಆದರೆ ಸಂಚಿನ ಹಿಂದಿರುವವಳು ತನ್ನ ಒಡಹುಟ್ಟಿದ ತಂಗಿ ಯೊನ್‌ಹ್ವಾ ಎಂಬುದು ಅವನಿಗೆ ತಿಳಿದುಹೋಗುತ್ತದೆ. ಸತ್ಯ ಹೊರಬಿದ್ದರೆ ತಂಗಿಗೆ ಮರಣದಂಡನೆ. ಅದರ ಜೊತೆಗೆ, ಹಿಂದೊಮ್ಮೆ ಅಪವಾದಕ್ಕೆ ಗುರಿಯಾಗಿ ಅರಮನೆಯಿಂದ ಹೊರದೂಡಲ್ಪಟ್ಟು ಹೇಗೋ ಮರಳಿ ಬಂದಿರುವ ತಾಯಿಗೂ ಹ್ವಾಂಗ್‌ಬೊ ಮನೆತನಕ್ಕೂ ಸರ್ವನಾಶ. ಕೊನೆಗೆ ಓ ತಪ್ಪನ್ನು ತಾನೇ ಒಪ್ಪಿಕೊಂಡು ಗಲ್ಲಿಗೇರುತ್ತಾಳೆ. ಅದನ್ನು ತಡೆಯಲೆಂದು ಹೆ ಸೂ ರಾಜನ ಬಾಗಿಲಲ್ಲಿ ಮೊಣಕಾಲೂರಿ ಮಳೆಯಲ್ಲಿ ನೆನೆಯುತ್ತಿರುವಾಗ ಊಕ್ ಅವಳ ಹತ್ತಿರದವರೆಗೆ ಬಂದು, ತಡೆದು ನಿಂತು, ಹಿಂದಿರುಗಿ ಹೋಗುತ್ತಾನೆ. ಹಾಸಿಗೆಯಿಂದ ಎದ್ದು ಬಂದ ಸೋ ತನ್ನ ಮೇಲುವಸ್ತ್ರವನ್ನು ಅವಳ ತಲೆಯ ಮೇಲೆ ಚಾಚಿ ಹಿಡಿದು ನಿಲ್ಲುತ್ತಾನೆ.

ಈ ದೃಶ್ಯವನ್ನು ನೋಡಿದವರಲ್ಲಿ ಬಹುಪಾಲು ಜನ ಸೋನನ್ನು ಮೆಚ್ಚಿ ಊಕ್‌ನನ್ನು ಹೇಡಿಯೆಂದು ತಳ್ಳಿಹಾಕುತ್ತಾರೆ. ಆ ತೀರ್ಪು ಅವಸರದ್ದು. ಸೋಗೆ ಬಿಟ್ಟುಕೊಡಬೇಕಾದದ್ದು ಏನೂ ಇರಲಿಲ್ಲ. ಹೆತ್ತ ತಾಯಿಯೇ ಅವನ ಮುಖಕ್ಕೆ ಗಾಯ ಮಾಡಿ, ಎಳವೆಯಲ್ಲಿಯೇ ಬೇರೆಯವರ ಮನೆಗೆ ದತ್ತುವಿನ ಹೆಸರಿನಲ್ಲಿ ಒತ್ತೆಯಾಗಿ ಕಳುಹಿಸಿದ್ದಳು, ಆದ್ದರಿಂದ ಅವನು ಮಳೆಯಲ್ಲಿ ನಿಂತರೆ ಅದರಿಂದ ನೆನೆಯುವವನು ಅವನೊಬ್ಬನೇ. ಊಕ್ ನಿಂತಿದ್ದರೆ ಅವನ ತಾಯಿ ಮತ್ತು ತಂಗಿ ನೆನೆಯುತ್ತಿದ್ದರು. ಒಬ್ಬ ಮಗ ತಾಯಿಯನ್ನು ಬೀದಿಗಟ್ಟದಿರಲು ತನ್ನ ಪ್ರೀತಿಯನ್ನು ಬಲಿಕೊಟ್ಟರೆ ಅದನ್ನು ಪ್ರೀತಿಯ ಕೊರತೆಯೆಂದು ಕರೆಯುವುದು ಹೇಗೆ? ಅಲ್ಲಿ ಸೆಣಸುತ್ತಿರುವುದು ಪ್ರೀತಿಯ ಎರಡು ಬಗೆಗಳು. ಹಳೆಯದು ಹೊಸದನ್ನು ಸೋಲಿಸಿತು. ಕಾಂಗ್ ಹಾನುಲ್ ಎಂಬ ನಟ ಆ ಹಿಂದಿರುಗುವಿಕೆಯನ್ನು ಅಭಿನಯಿಸಿರುವ ರೀತಿಯಲ್ಲಿ, ತಾನು ಮಾಡುತ್ತಿರುವುದು ಸರಿಯೆಂಬ ಸಮಾಧಾನವಾಗಲಿ ತಪ್ಪೆಂಬ ಪಶ್ಚಾತ್ತಾಪವಾಗಲಿ ಪೂರ್ತಿಯಾಗಿ ಕಾಣಿಸುವುದಿಲ್ಲ, ಮತ್ತು ಆ ಅರೆಬರೆ ಭಾವವೇ ಸತ್ಯಕ್ಕೆ ಹತ್ತಿರವಾದದ್ದು. ಊಕ್‌ನ ನಿಜವಾದ ಪತನ ಇಲ್ಲಿಲ್ಲ. ಕಳೆದುಕೊಂಡದ್ದಕ್ಕೆ ಬೆಲೆಯಾಗಿ ಸಿಂಹಾಸನವೇ ಸಿಗಬೇಕೆಂದು ಅವನು ಆಮೇಲೆ ಹಟ ಹಿಡಿಯುವುದರಲ್ಲಿ, ಕರ್ತವ್ಯಕ್ಕಾಗಿ ಮಾಡಿದ ತ್ಯಾಗವನ್ನು ಲೋಕದಿಂದ ವಸೂಲಿ ಮಾಡಹೊರಡುವುದರಲ್ಲಿ ಅದಿದೆ.

ಚೀನೀ ಮೂಲದಲ್ಲಿ ಎಂಟನೆಯ ರಾಜಕುಮಾರ ಯಿನ್‌ಸಿಯ ಪ್ರಸಂಗ ಬೇರೆ ಬಗೆಯದು. ಅಲ್ಲಿನ ನಾಯಕಿ ರುವೋಶಿ ಚಿಂಗ್ ಇತಿಹಾಸವನ್ನು ಚೆನ್ನಾಗಿ ಬಲ್ಲವಳು: ಯುವರಾಜ ಯಿನ್‌ರೆಂಗ್ 1708ರಲ್ಲಿ ಪದಚ್ಯುತನಾಗಿ, ಮರುವರ್ಷ ಮತ್ತೆ ಪಟ್ಟಕ್ಕೇರಿ, 1712ರಲ್ಲಿ ಶಾಶ್ವತವಾಗಿ ಇಳಿಸಲ್ಪಡುವನೆಂದೂ, 1722ರಲ್ಲಿ ನಾಲ್ಕನೆಯ ರಾಜಕುಮಾರ ಯೋಂಗ್‌ಜೆಂಗ್ ಚಕ್ರವರ್ತಿಯಾಗುವನೆಂದೂ, ಯಿನ್‌ಸಿ 1726ರಲ್ಲಿ ಬಿರುದು ಬಾವಲಿಗಳನ್ನು, ಕೊನೆಗೆ ಹೆಸರನ್ನೂ ಕಳೆದುಕೊಂಡು ಸೆರೆಯಲ್ಲಿ ಸಾಯುವನೆಂದೂ ಅವಳಿಗೆ ಗೊತ್ತು. ಆದ್ದರಿಂದ ಸಿಂಹಾಸನದ ಆಸೆ ಬಿಟ್ಟುಬಿಡು, ಆಗ ನಿನ್ನವಳಾಗುವೆನೆಂದು ಅವಳು ಅವನನ್ನು ಕೇಳುತ್ತಾಳೆ. ತನ್ನನ್ನು ನಂಬಿ ನಿಂತ ಸಹೋದರರನ್ನೂ ಜೀವಮಾನದ ಆಕಾಂಕ್ಷೆಯನ್ನೂ ಬಿಡಲಾರದೆ ಅವನು ಒಪ್ಪುವುದಿಲ್ಲ. ಅವನ ಜೀವ ಉಳಿಸಲೆಂದು ನಾಲ್ಕನೆಯವನ ಬಗೆಗೆ ಅವಳು ಕೊಟ್ಟ ಎಚ್ಚರಿಕೆಯೇ ಯಿನ್‌ಸಿಯ ಸಂಚಿಗೆ ಪ್ರೇರಣೆಯಾಗಿ, ಅವಳ ಆಪ್ತಮಿತ್ರನಾದ ಹದಿಮೂರನೆಯ ರಾಜಕುಮಾರನ ಹತ್ತು ವರ್ಷದ ಸೆರೆವಾಸಕ್ಕೆ ಕಾರಣವಾಗುತ್ತದೆ. ಭವಿಷ್ಯದ ಅರಿವು ಅವಳಿಗೆ ಶಕ್ತಿಯಾಗುವ ಬದಲು ಎಲ್ಲರ ಬದುಕಿನ ಹೊಣೆಯಾಗಿಬಿಡುವ ಈ ಪರಿ ಟೋಂಗ್ ಹುವಾ ಅವರ ಕಲ್ಪನೆಯ ದೊಡ್ಡ ಸಾಧನೆ. ಕೊರಿಯಾದ ಹಾಜಿನ್‌ಗೆ ಇತಿಹಾಸ ಅಷ್ಟಾಗಿ ತಿಳಿಯದು. ಗ್ವಾಂಗ್‌ಜೊಂಗ್ ಸಹೋದರರನ್ನು ಕೊಂದ ರಕ್ತಪಿಪಾಸು ದೊರೆಯೆಂಬ ಮಾತನ್ನು ಮಾತ್ರ ಕೇಳಿದ್ದಾಳೆ, ಮತ್ತು ತಾನು ಒಲಿದವನೇ ಆ ಗ್ವಾಂಗ್‌ಜೊಂಗ್ ಎಂದು ತಡವಾಗಿ ತಿಳಿಯುತ್ತದೆ. ಈ ಅರೆಜ್ಞಾನದಿಂದ ಕೊರಿಯಾದ ರೂಪದಲ್ಲಿ ಬುದ್ಧಿಯ ಬಿಗಿ ಸಡಿಲವಾಗಿದೆ ಎಂಬ ಆಕ್ಷೇಪ ಒಪ್ಪತಕ್ಕದ್ದೇ ಆದರೂ, ಕುಟುಂಬದ ಸಂಕಟಗಳಿಗೆ ಅಲ್ಲಿ ಹೆಚ್ಚು ಜಾಗ ಸಿಕ್ಕಿದೆ.

ನಾಲ್ಕನೆಯವನಾದ ಸೋ ಪ್ರೀತಿಯ ಹೆಸರಿನಲ್ಲಿ ಪಟ್ಟವೇರುತ್ತಾನೆ. ರಾಜನಾದರೆ ತನ್ನ ಹೆಣ್ಣನ್ನು ಯಾರೂ ಕಸಿಯಲಾರರೆಂಬುದು ಅವನ ಎಣಿಕೆ. ಆದರೆ ಮುಖದ ಗಾಯದ ಮೇಲೆ ಹೆ ಸೂ ಹಚ್ಚಿದ ಲೇಪದಿಂದ ಮೊದಲ ಬಾರಿಗೆ ಜನರೆದುರು ತಲೆಯೆತ್ತಿ ನಿಂತಿದ್ದ ಈ ಹುಡುಗ, ರಾಜನಾದ ದಿನವೇ ಯಾರ ಮಗನೂ ಅಲ್ಲದ ತನ್ನ ಹಳೆಯ ಸ್ವಾತಂತ್ರ್ಯವನ್ನು ಕಳೆದುಕೊಂಡು, ಹ್ವಾಂಗ್‌ಬೊ ಮನೆತನದ ಬೆಂಬಲವಿಲ್ಲದೆ ಸಿಂಹಾಸನ ನಿಲ್ಲದೆಂಬ ಮಂತ್ರಿಗಳ ಮಾತಿಗೆ ತಲೆಬಾಗಿ ಯೊನ್‌ಹ್ವಾಳನ್ನು ಮದುವೆಯಾಗಬೇಕಾಗುತ್ತದೆ. ಹೆ ಸೂ ಅದಕ್ಕೆ ತಾನೇ ಒಪ್ಪಿಗೆ ಕೊಡುತ್ತಾಳೆ. ಅವಳಿಗೆ ಸಹಿಸಲಾಗದೆ ಹೋಗುವುದು ಸವತಿಯಲ್ಲ. ಹತ್ತನೆಯ ರಾಜಕುಮಾರ ಮತ್ತು ಅವನ ಹೆಂಡತಿ ಸತ್ತ ಮೇಲೆ, ತಾನು ತಂಗಿಯಂತೆ ನೋಡಿಕೊಂಡಿದ್ದ ದಾಸಿ ಛೇರ್ಯೊಂಗ್ ಶತ್ರುಗಳ ಗೂಢಚಾರಿಣಿಯೆಂದು ರಾಜಾಜ್ಞೆಯಿಂದ ಕೊಲ್ಲಲ್ಪಟ್ಟ ಮೇಲೆ, ಆ ಅರಮನೆಯಲ್ಲಿ ತನ್ನವರೆಂದು ಉಳಿದವರು ಯಾರೂ ಇಲ್ಲವೆಂಬುದು. ಯಾರ ಬಂಧುವೂ ಆಗದೆ ಬಂದವಳು ಬಂಧುಗಳನ್ನು ಸಂಪಾದಿಸಿದಳು. ಆ ಬಂಧುಗಳಿಗಾಗಿ ಮಿಡಿಯುವ ಕರುಳೇ ಅವಳನ್ನು ಪ್ರಿಯನಿಂದ ದೂರ ಕರೆದೊಯ್ಯಿತು. ಹದಿನಾಲ್ಕನೆಯ ರಾಜಕುಮಾರ ಹಿಂದಿನ ದೊರೆಯ ಮದುವೆಯ ಆಜ್ಞೆಯೊಂದನ್ನು ಮುಂದಿಟ್ಟು ಅವಳನ್ನು ಅರಮನೆಯಿಂದ ಬಿಡಿಸುತ್ತಾನೆ. ಅವಳು ಬರೆದ ಪತ್ರಗಳನ್ನು ಅವನು ತನ್ನ ಅಕ್ಷರವಿದ್ದ ಹೊದಿಕೆಯೊಳಗಿಟ್ಟು ಕಳುಹಿಸಿದ್ದರಿಂದ ಸೋ ಅವುಗಳನ್ನು ತೆರೆದು ನೋಡುವುದಿಲ್ಲ, ಮತ್ತು ಅವನು ಬರುವ ಮೊದಲೇ ಹೆಣ್ಣುಮಗುವೊಂದನ್ನು ಹೆತ್ತು ಅವಳು ತೀರಿಕೊಳ್ಳುತ್ತಾಳೆ.

ಕಾಲವನ್ನು ಮೀರಿದ ಪ್ರೇಮ ಕನ್ನಡದ ಓದುಗರಿಗೆ ಹೊಸದಲ್ಲ. ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯವನ್ನು ಒಂದನೆಯ ನಾಗವರ್ಮನು ‘ಕರ್ಣಾಟಕ ಕಾದಂಬರಿ’ಯಾಗಿ ಚಂಪೂ ರೂಪಕ್ಕೆ, ಎಂದರೆ ಗದ್ಯಪದ್ಯಗಳು ಬೆರೆತ ರೂಪಕ್ಕೆ ತಂದ ಕಾಲದಿಂದಲೂ, ಒಂದು ಜನ್ಮದಲ್ಲಿ ಕೈತಪ್ಪಿದ್ದು ಮತ್ತೊಂದು ಜನ್ಮದಲ್ಲಿ ಕೂಡಿಬರುವ ಕಲ್ಪನೆ ಇಲ್ಲಿ ಪರಿಚಿತವಾಗಿದೆ; ಮಹಾಶ್ವೇತೆಯೂ ಕಾದಂಬರಿಯೂ ಮಡಿದ ಪ್ರಿಯರಿಗಾಗಿ ಕಾಯುವುದು ಶಾಪವೊಂದು ತೀರಿ ಹೋಗುವುದೆಂಬ ಭರವಸೆಯಿಂದ, ಮತ್ತು ಆ ಕಾವ್ಯದ ಕೊನೆಗೆ ಪ್ರೇಮಿಗಳೂ ಅವರ ತಂದೆತಾಯಿಗಳೂ ಒಂದೆಡೆ ಸೇರುತ್ತಾರೆ. ಪುನರ್ಜನ್ಮದ ಕಥೆಯಲ್ಲಿ ನೆನಪು ಅಳಿಯುತ್ತದೆ, ಸಂಬಂಧ ಉಳಿಯುತ್ತದೆ. ಕಾಲಪ್ರಯಾಣದ ಕಥೆಯಲ್ಲಿ ಇದು ತಿರುವುಮುರುವಾಗುತ್ತದೆ. ಹಾಜಿನ್ ತನ್ನ ಕಾಲಕ್ಕೆ ಮರಳಿ, ಗೊರ್ಯೊ ಕಾಲದ ವಸ್ತುಪ್ರದರ್ಶನವೊಂದರಲ್ಲಿ ಗ್ವಾಂಗ್‌ಜೊಂಗ್‌ನ ಚಿತ್ರದೆದುರು ನಿಂತಾಗ ಅವಳಿಗೆ ಎಲ್ಲವೂ ನೆನಪಾಗುತ್ತದೆ. ಆದರೆ ಆ ನೆನಪನ್ನು ಹಂಚಿಕೊಳ್ಳಬಲ್ಲ ಒಬ್ಬರೂ ಬದುಕಿಲ್ಲ. ಅವನನ್ನು ಒಂಟಿಯಾಗಿ ಬಿಟ್ಟು ಬಂದೆನೆಂದು ಅವಳು ಅಳುವುದು, ಕೊನೆಯವರೆಗೆ ತನ್ನವರು ಯಾರೂ ಇಲ್ಲದೆ ಆಳಿದ ದೊರೆಗೆ ಸಾವಿರ ವರ್ಷಗಳ ಬಳಿಕ ಸಿಕ್ಕ ಏಕೈಕ ನೆಂಟಳ ಅಳು.

ಈ ಕೃತಿ ಒಬ್ಬರಿಗೆ ಅನ್ಯಾಯ ಮಾಡಿದೆ, ಅದನ್ನು ಹೇಳದೆ ಇರಲಾಗದು. ಯೊನ್‌ಹ್ವಾಳನ್ನು ಅದು ಅಧಿಕಾರದ ದಾಹದ ಕುಟಿಲೆಯಾಗಿ ಚಿತ್ರಿಸುತ್ತದೆ. ಆ ಪಾತ್ರಕ್ಕೆ ಆಧಾರವಾದ ರಾಣಿ ದೇಮೋಕ್ ಇತಿಹಾಸದಲ್ಲಿ ಕಾಣಿಸಿಕೊಳ್ಳುವುದು ಬೇರೆಯದೇ ಸಂಕಟದಲ್ಲಿ. 956ರಲ್ಲಿ ಗ್ವಾಂಗ್‌ಜೊಂಗ್ ಗುಲಾಮರ ಪರಿಶೀಲನೆಯ ಕಾಯಿದೆಯನ್ನು ತಂದು, ಯುದ್ಧಗಳ ಕಾಲದಲ್ಲಿ ಅಕ್ರಮವಾಗಿ ಗುಲಾಮರನ್ನಾಗಿ ಮಾಡಿಕೊಂಡಿದ್ದವರನ್ನು ಬಿಡುಗಡೆ ಮಾಡಿಸಿದನು. ಪಾಳೆಯಗಾರ ಮನೆತನಗಳ ದಂಡೂ ಬೇಸಾಯವೂ ಆ ಗುಲಾಮರನ್ನೇ ಅವಲಂಬಿಸಿದ್ದುದರಿಂದ ಅವುಗಳ ಬೆನ್ನೆಲುಬೇ ಮುರಿಯಿತು. 958ರಲ್ಲಿ ಚೀನಾದ ಮಾದರಿಯ ಸರ್ಕಾರಿ ನೇಮಕಾತಿ ಪರೀಕ್ಷೆಯನ್ನು ಆರಂಭಿಸಿ ಹುಟ್ಟಿನ ಬಲಕ್ಕಿಂತ ಓದಿನ ಬಲಕ್ಕೆ ಆಸ್ಥಾನದ ಬಾಗಿಲು ತೆರೆದವನೂ ಅವನೇ. ಗುಲಾಮರ ಕಾಯಿದೆಯನ್ನು ಕೈಬಿಡಬೇಕೆಂದು ರಾಣಿ ದೇಮೋಕ್ ಗಂಡನನ್ನು ಅಂಗಲಾಚಿ ಬೇಡಿದಳೆಂದೂ ಆತ ಕೇಳಲಿಲ್ಲವೆಂದೂ ಗೊರ್ಯೊ ಇತಿಹಾಸಗ್ರಂಥ ದಾಖಲಿಸಿದೆ. ನ್ಯಾಯ ಗಂಡನ ಪಕ್ಷದಲ್ಲಿತ್ತು. ಆದರೆ ಕಣ್ಣೆದುರೇ ತವರು ಬರಿದಾಗುತ್ತಿರುವಾಗ, ಗಂಡ ತನ್ನ ಅಣ್ಣಂದಿರ ಮಕ್ಕಳನ್ನೂ ಉಳಿಸದೆ, ತಾನು ಹೆತ್ತ ಮಗನನ್ನೂ ಶಂಕಿಸುತ್ತಿರುವಾಗ ಆ ಹೆಣ್ಣು ಯಾವ ಮನೆಯ ಮಗಳಾಗಿ, ಯಾವ ಮನೆಯ ಸೊಸೆಯಾಗಿ ಬದುಕಿದಳೆಂಬುದು ಈ ಧಾರಾವಾಹಿ ಮುಟ್ಟದೆ ಬಿಟ್ಟ ದೊಡ್ಡ ಕಥೆ.

ಊಕ್‌ನ ಋಣಕ್ಕೂ ಇತಿಹಾಸದಲ್ಲಿ ಒಂದು ಮುಂದುವರಿಕೆಯಿದೆ. ಧಾರಾವಾಹಿಯಲ್ಲಿ ಸೋತ ಎಂಟನೆಯವನ ಮಗ 981ರಲ್ಲಿ ಸೊಂಗ್‌ಜೊಂಗ್ ಎಂಬ ಹೆಸರಿನಲ್ಲಿ ಪಟ್ಟವೇರಿ, ಕನ್‌ಫ್ಯೂಷಿಯಸ್‌ನ ಬೋಧನೆಗಳ ಮೇಲೆ, ಎಂದರೆ ತಂದೆಮಕ್ಕಳ, ಅರಸುಸೇವಕರ, ಗಂಡಹೆಂಡಿರ ನಡುವಿನ ಕರ್ತವ್ಯಗಳನ್ನೇ ರಾಜ್ಯದ ಅಡಿಪಾಯವಾಗಿ ಕಾಣುವ ತತ್ತ್ವದ ಮೇಲೆ ಆಡಳಿತವನ್ನು ಕಟ್ಟಿದನು. ಅವನ ಒಡಹುಟ್ಟಿದ ಹೊನ್‌ಜೊಂಗ್ ಎಂಬಾಕೆ ಗ್ವಾಂಗ್‌ಜೊಂಗ್‌ನ ಮಗನಿಗೆ ರಾಣಿಯಾಗಿದ್ದು, ಗಂಡ ತೀರಿಕೊಂಡ ಬಳಿಕ ಅರಮನೆಯ ಹೊರಗಿನ ಮನೆಯೊಂದರಲ್ಲಿ ಒಂಟಿಯಾಗಿ ವಾಸಿಸುತ್ತಿದ್ದಳು. ನೆರೆಯಲ್ಲಿದ್ದವನು ತೇಜೊನ ಇನ್ನೊಬ್ಬ ರಾಣಿಯ ಮಗ, ಅವಳಿಗೆ ಚಿಕ್ಕಪ್ಪನಾಗಬೇಕಾದವನು. ಅವನ ಹೆಸರಿನ ಉಚ್ಚಾರವೂ ಊಕ್ ಎಂದೇ, ಬರೆಯುವ ಚೀನೀ ಅಕ್ಷರ ಮಾತ್ರ ಬೇರೆ. ಇಬ್ಬರೂ ಒಲಿದರು, ಅವಳು ಬಸುರಾದಳು. 992ರಲ್ಲಿ ಸಂಗತಿ ಬಯಲಾದಾಗ ಸೊಂಗ್‌ಜೊಂಗ್ ಕುಲದ ಮಾನವನ್ನೂ ತಾನು ಸಾರಿದ ಧರ್ಮವನ್ನೂ ಎತ್ತಿಹಿಡಿದು ಅವನನ್ನು ದಕ್ಷಿಣದ ಸಾಸು ಎಂಬಲ್ಲಿಗೆ ಗಡೀಪಾರು ಮಾಡಿದನು. ಮನೆಗೆ ಮರಳುತ್ತಿದ್ದ ತಂಗಿ ಬಾಗಿಲ ಬಳಿಯ ಮರದ ಕೊಂಬೆ ಹಿಡಿದು ಗಂಡುಮಗುವನ್ನು ಹೆತ್ತು ಪ್ರಾಣಬಿಟ್ಟಳೆಂದು ದಾಖಲೆ ಹೇಳುತ್ತದೆ. ಭವಿಷ್ಯದಿಂದ ಬಂದವರು ಯಾರೂ ಇಲ್ಲದೆ, ಗ್ರಹಣವೂ ಹಿಡಿಯದೆ, ಹೆ ಸೂಳ ಕಥೆಯ ಕೊನೆಯ ಕಂತು ಆ ಅರಮನೆಯ ನೆರಳಿನಲ್ಲಿ ನಿಜವಾಗಿಯೇ ನಡೆದಿತ್ತು.

ಆ ಮಗುವನ್ನು ದಾದಿಯೊಬ್ಬಳು ಸಾಕುತ್ತಿರಲು, ಒಮ್ಮೆ ಸೊಂಗ್‌ಜೊಂಗ್ ಅದನ್ನು ಕರೆಸಿ ನೋಡಿದಾಗ ಅದು ಅವನ ತೊಡೆಯೇರಿ ಅಪ್ಪಾ ಎಂದು ಕರೆಯಿತೆಂದೂ, ದೊರೆ ಕಣ್ಣೀರು ತುಂಬಿಕೊಂಡು ಮಗುವನ್ನು ಸಾಸುವಿನಲ್ಲಿದ್ದ ತಂದೆಯ ಬಳಿಗೆ ಕಳುಹಿಸಿಕೊಟ್ಟನೆಂದೂ ಬರೆದಿದ್ದಾರೆ. ತಂದೆ ಗಡೀಪಾರಿನಲ್ಲಿಯೇ 996ರಲ್ಲಿ ತೀರಿಕೊಂಡನು. ಮಗ 1009ರಲ್ಲಿ ಹ್ಯೊನ್‌ಜೊಂಗ್ ಎಂಬ ಹೆಸರಿನಲ್ಲಿ ರಾಜನಾದನು, ಮತ್ತು 1392ರಲ್ಲಿ ರಾಜ್ಯ ಅಳಿಯುವವರೆಗೂ ಗೊರ್ಯೊ ಸಿಂಹಾಸನದಲ್ಲಿ ಕುಳಿತವರೆಲ್ಲರೂ ಅವನ ಸಂತತಿಯವರೇ. ಪಟ್ಟವೇರಿದ ಮೇಲೆ ಆತ, ಪರಸ್ಪರ ಮದುವೆಯಾಗದೆ ಸತ್ತ ತನ್ನ ತಂದೆತಾಯಿಗಳಿಬ್ಬರಿಗೂ ರಾಜರಾಣಿಯರ ಪದವಿಯನ್ನು ಮರಣೋತ್ತರವಾಗಿ ಕೊಟ್ಟು, 1018ರಲ್ಲಿ ಕೈಸೊಂಗ್ ಬಳಿ ಅವರ ಆತ್ಮಶಾಂತಿಗಾಗಿ ಹ್ಯೊನ್‌ಹ್ವಾಸಾ ಎಂಬ ಬೌದ್ಧ ವಿಹಾರವನ್ನು ಕಟ್ಟಿಸಲಾರಂಭಿಸಿದನು.